ನಾಲಿಗೆ ಅಂಕಲ್ ಮತ್ತು ಎರಡು ಬಟ್ಟಲು ಲಕ್ಸಾ

ಊರಲ್ಲಿ ಹೆಸರು ಮಾಡಿದವರನ್ನು ನೋಡಿ, ಒಬ್ಬೊಬ್ಬರಿಗೆ ಒಂದೊಂದು ಅಂಗ ಕೈಹಿಡಿದಿರುತ್ತದೆ. ಕೆಲವರಿಗೆ ಕಂಠ, ಕೆಲವರಿಗೆ ತೋಳು, ಪುಣ್ಯವಂತರಿಗೆ ತಲೆ. ಖಾವ್ ಬೆಂಗ್ ಸುವೀ ಅವರಿಗೆ ಕೈಹಿಡಿದದ್ದು ನಾಲಿಗೆ. ಅವರ ಮಿಕ್ಕ ಅಂಗಗಳ ಬಗ್ಗೆ ಪೆನಾಂಗ್ ದ್ವೀಪದಲ್ಲಿ ಯಾರೂ ಒಳ್ಳೆಯ ಮಾತಾಡಿದ್ದು ದಾಖಲಾಗಿಲ್ಲ.

ಜೀವಮಾನವಿಡೀ ಒಂದು ಗಡಿಯಾರದ ಅಂಗಡಿಯಲ್ಲಿ ದುಡಿದರು, ನಿಜ. ಆದರೆ ಮಾಲೀಕ ಅವರಿಗೆ ಬೆಲ್ಟು ಬದಲಾಯಿಸುವ ಕೆಲಸ ಬಿಟ್ಟು ಬೇರೇನೂ ಕೊಡಲಿಲ್ಲ. ಒಮ್ಮೆ ಮಾತ್ರ ಒಂದು ಗಡಿಯಾರ ಬಿಚ್ಚಲು ಬಿಟ್ಟಿದ್ದನಂತೆ. ಅದು ಇವತ್ತಿಗೂ ಬಿಚ್ಚಿದ ಹಾಗೆಯೇ ಇದೆ. ಮನೆಯಲ್ಲಿ ಹೆಂಡತಿ ಗೇಕ್ ನಿಯೋ ಗಂಡನ ಮಾತನ್ನು ಪಕ್ಕದ ಫ್ಲಾಟಿನ ರೇಡಿಯೋದ ಹಾಗೆ ಕೇಳುತ್ತಿದ್ದರು. ಕೇಳಿಸುತ್ತಿತ್ತು, ಅಷ್ಟೇ.

ಆದರೆ ಸಂಜೆಯಾಗಿ ಸಮುದ್ರದ ದಂಡೆಯಲ್ಲಿರುವ ತಿಂಡಿ ಗಾಡಿಗಳ ಚಪ್ಪರಕ್ಕೆ ಕಾಲಿಟ್ಟರೋ, ಕಥೆಯೇ ಬೇರೆ. "ನಾಲಿಗೆ ಅಂಕಲ್ ಬಂದ್ರು, ನಾಲಿಗೆ ಅಂಕಲ್ ಬಂದ್ರು" ಎಂದು ಗಾಡಿಯಿಂದ ಗಾಡಿಗೆ ಸುದ್ದಿ ಓಡುತ್ತಿತ್ತು. ಚಹಾದ ಮರಿಕ್ಕಾರ್ ಹೆಗಲ ಮೇಲಿನ ಬಟ್ಟೆ ತೆಗೆದು ಕುರ್ಚಿ ಒರೆಸುತ್ತಿದ್ದ. ಕಡ್ಡಿಗೆ ಮಾಂಸ ಚುಚ್ಚಿ ಸಾತೆ ಸುಡುವ ಜೈಲಾನಿ ಬೀಸಣಿಗೆ ಜೋರು ಮಾಡುತ್ತಿದ್ದ. ಅಂಕಲ್ ಕೂತು, ಒಂದು ಕಡ್ಡಿ ಸಾತೆ ಕಚ್ಚಿ, ಆಕಾಶ ನೋಡಿ, "ಲೆಮನ್ ಗ್ರಾಸ್ ಎಳೇದು ಹಾಕಿದೀಯ. ನಿನ್ನೇದು ಬಲಿತದ್ದು" ಎನ್ನುವರು. ಸುತ್ತಲಿನವರು ತಲೆದೂಗುವರು.

ಈ ಖ್ಯಾತಿ ಹುಟ್ಟಿದ್ದು ಹೇಗೆ ಎಂದು ಕೇಳಬಾರದು. ಕೇಳಿದರೆ ಹೇಳಲೇಬೇಕಾಗುತ್ತದೆ. ಬಹಳ ವರ್ಷಗಳ ಹಿಂದೆ ಒಂದು ಸಂಜೆ ಅವರು ಲಕ್ಸಾ ತಿನ್ನುತ್ತ, "ಇವತ್ತು ಸೀಗಡಿ ಗೊಜ್ಜು ಬೇರೆ ಕಡೆಯಿಂದ ತಂದದ್ದು" ಎಂದುಬಿಟ್ಟರು. ನಿಜವಾಗಿಯೂ ಬೇರೆ ಕಡೆಯದೇ ಆಗಿತ್ತು. ಚಪ್ಪರಕ್ಕೆ ಚಪ್ಪರವೇ ಬೆರಗಾಯಿತು. ಆ ದಿನ ಬೆಳಿಗ್ಗೆ ಮಾರ್ಕೆಟ್ಟಿನಲ್ಲಿ ಲಕ್ಸಾದವನು ಬೇರೆ ಅಂಗಡಿಯಲ್ಲಿ ಗೊಜ್ಜು ಕೊಳ್ಳುವುದನ್ನು ಗೇಕ್ ನಿಯೋ ಕಂಡು ಮನೆಯಲ್ಲಿ ಹೇಳಿದ್ದರು ಎಂಬ ಸಣ್ಣ ವಿವರವನ್ನು ಅಂಕಲ್ ಅವಸರದಲ್ಲಿ ಹೇಳಲು ಮರೆತರು. ಆಮೇಲೆ ಹೇಳುವ ಸಂದರ್ಭ ಬರಲಿಲ್ಲ.

ಇಡೀ ಚಪ್ಪರದಲ್ಲಿ ಈ ನಾಲಿಗೆಗೆ ಕವಡೆ ಕಿಮ್ಮತ್ತು ಕೊಡದಿದ್ದವರು ಒಬ್ಬರೇ. ಆ ಲಕ್ಸಾದವರೇ, ಟಿಯೋ ಮುದುಕ. ಚಪ್ಪರದ ಮೂಲೆಯಲ್ಲಿ, ಗಾಳಿಮರದ ಕೆಳಗೆ ಅವರ ಗಾಡಿ. ಬಂಗುಡೆ ಬೇಯಿಸಿ, ಮುಳ್ಳು ಆರಿಸಿ, ಹುಣಸೆ ಹಿಂಡಿ ಮಾಡಿದ ಹುಳಿ ಸಾರನ್ನು ದಪ್ಪ ಅಕ್ಕಿ ಶಾವಿಗೆಯ ಮೇಲೆ ಸುರಿದು, ಪುದೀನ, ಅನಾನಸು ಉದುರಿಸಿ, ಕೇಳದೆಯೇ ಒಂದು ಚಮಚ ಕಪ್ಪು ಸೀಗಡಿ ಗೊಜ್ಜು ಹೆಚ್ಚಿಗೆ ಹಾಕಿ ಬಟ್ಟಲು ಕುಕ್ಕುವರು. ಅಂಕಲ್ ಏನಾದರೂ ಅಪ್ಪಣೆ ಕೊಡಿಸಲು ಬಾಯಿ ತೆರೆದರೆ, "ತಿನ್ನು. ಮಾತಾಡ್ಬೇಡ" ಎನ್ನುವರು. ಅಂಕಲ್ ತಿನ್ನುವರು. ದಿನಾ ಬೈಸಿಕೊಂಡರೂ ದಿನಾ ಅಲ್ಲಿಗೇ ಹೋಗುವರು.

ಟಿಯೋ ಮುದುಕ ಹೋದ ವರ್ಷ ತೀರಿಕೊಂಡರು. ಅವರ ಹಿಂದೆಯೇ ಜಗಳ ಹುಟ್ಟಿತು. ಮಗ ಚೆಂಗ್ ಲಾಯ್, ಮಗಳು ಸೂನ್ ಇಮ್, ಇಬ್ಬರೂ ಅಪ್ಪನ ಎರಡು ಕಡೆ ನಿಂತು ಬೆಳೆದವರು. "ಅಪ್ಪನ ಕೈ ನನಗೆ ಬಂದಿದೆ" ಎಂದ ಅವನು. "ನಿನಗೆ ಬಂದಿರೋದು ಅಪ್ಪನ ಬೋಳುತಲೆ" ಎಂದಳು ಅವಳು. ಮಾತು ನಿಂತಿತು. ಮೂಲೆಯ ಗಾಡಿಗೆ ಬೀಗ ಬಿತ್ತು. ಚಪ್ಪರದ ಆ ತುದಿಗೆ ಅವನು "ಟಿಯೋ ಮುದುಕನ ಅಸಲಿ ಲಕ್ಸಾ" ಎಂದು ಬೋರ್ಡು ಹಾಕಿದ. ಈ ತುದಿಗೆ ಅವಳು "ಟಿಯೋ ಮುದುಕನ ಅದಕ್ಕಿಂತ ಅಸಲಿ ಲಕ್ಸಾ" ಎಂದು ಹಾಕಿದಳು. ಗಿರಾಕಿಗಳು ಯಾವ ಕಡೆ ಹೋದರೂ ಇನ್ನೊಂದು ಕಡೆಯವರ ಕೆಂಗಣ್ಣು. ಹಾಗಾಗಿ ಬಹಳಷ್ಟು ಜನ ಲಕ್ಸಾ ತಿನ್ನುವುದನ್ನೇ ಬಿಟ್ಟರು.

ಇದು ಹೀಗಿರುವಾಗ ಸುವೀ ಅಂಕಲ್‌ಗೆ ಶೀತವಾಯಿತು.

ಶೀತ ಯಾರಿಗೆ ಆಗುವುದಿಲ್ಲ? ಮೂಗು ಸುರಿಯಿತು, ಜ್ವರ ಬಂತು, ಇಳಿಯಿತು. ಗೇಕ್ ನಿಯೋ ಕಹಿ ಬೇರಿನ ಕಷಾಯ ಮಾಡಿ ಮುಂದಿಟ್ಟರು. ಮದುವೆಯಾದಂದಿನಿಂದ ಆ ಕಷಾಯ ಕುಡಿಸಬೇಕಾದರೆ ಒಂದು ಯುದ್ಧವೇ ನಡೆಯುತ್ತಿತ್ತು. ಬಚ್ಚಲಿಗೆ ಓಡುವುದು, ಮೂಗು ಹಿಡಿಯುವುದು, ಸತ್ತೆನೋ ಕೆಟ್ಟೆನೋ ಎನ್ನುವುದು. ಅವತ್ತು ಅಂಕಲ್ ಗಟಗಟ ಕುಡಿದು, ತುಟಿ ಒರೆಸಿಕೊಂಡು, "ಬಾರ್ಲಿ ನೀರು ಚೆನ್ನಾಗಿದೆ, ಇನ್ನೊಂದಿಷ್ಟು ಇದೆಯಾ?" ಎಂದರು.

ಗೇಕ್ ನಿಯೋ ಹಣೆ ಮುಟ್ಟಿ ನೋಡಿದರು. "ಜ್ವರ ಇಳಿದಿದೆ. ಬುದ್ಧಿನೂ ಜೊತೇಲೇ ಇಳ್ಕೊಂಡು ಹೋಗಿದೆ ಅನ್ಸುತ್ತೆ" ಎಂದು ಒಳಗೆ ಹೋದರು.

ಅಂಕಲ್‌ಗೆ ಅನುಮಾನ ಬಂತು. ಬೀದಿಗಿಳಿದು ನೇರವಾಗಿ ಡುರಿಯನ್ ಲಾರಿಯ ಹತ್ತಿರ ಹೋದರು. ಡುರಿಯನ್ ಹಣ್ಣಿನ ವಾಸನೆ ಗೊತ್ತಲ್ಲ? ಬೀದಿಯ ಆ ಕೊನೆಯಲ್ಲಿ ಹೆಚ್ಚಿದರೆ ಈ ಕೊನೆಯಲ್ಲಿ ಮಲಗಿದ ಕೂಸು ಎದ್ದು ಕೂರುತ್ತದೆ. ಲಾಡ್ಜುಗಳವರು ಒಳಗೆ ತರಬೇಡಿ ಎಂದು ಬೋರ್ಡು ಹಾಕಿರುತ್ತಾರೆ. ಅಂಕಲ್ ಲಾರಿಗೆ ಒರಗಿ ನಿಂತು ಉಸಿರೆಳೆದರು. ಏನೂ ಇಲ್ಲ.

"ಏನಪ್ಪಾ, ಇವತ್ತು ಲಾರಿ ಖಾಲಿನಾ?"

ಹಣ್ಣಿನವನು ಅಪಮಾನವಾದವನ ಹಾಗೆ ನೋಡಿದ. "ಖಾಲಿ? ಮೂಗಿನ ಕೆಳಗೇ ರಾಶಿ ಬಿದ್ದಿದೆಯಲ್ಲ ಅಂಕಲ್!"

ಅಂಕಲ್ ಬಗ್ಗಿ ಒಂದು ಹಣ್ಣಿಗೆ ಮೂಗು ಒತ್ತಿದರು. ಮೂಗಿನ ತುದಿಗೆ ಮುಳ್ಳು ಚುಚ್ಚಿತೇ ಹೊರತು ವಾಸನೆ ಬರಲಿಲ್ಲ. ಚುಚ್ಚಿಸಿಕೊಂಡ ಮೂಗು ಹಿಡಿದು ಅಲ್ಲೇ ಲಾರಿಯ ಚಕ್ರದ ಪಕ್ಕ ಕೂತುಬಿಟ್ಟರು. ಕೈಹಿಡಿದಿದ್ದ ಒಂದೇ ಒಂದು ಅಂಗ ಕೈಕೊಟ್ಟಿತ್ತು. ಇನ್ನು ಚಪ್ಪರದಲ್ಲಿ ಕುರ್ಚಿ ಒರೆಸುವವರು ಯಾರು? ಬರಿಯ ಖಾವ್ ಬೆಂಗ್ ಸುವೀ ಆಗಿ ಬದುಕುವುದು ಹೇಗೆಂದು ಅವರಿಗೆ ಅಭ್ಯಾಸವೇ ತಪ್ಪಿಹೋಗಿತ್ತು. ಹೆದರಿಕೆಯಾಯಿತು. ಯಾರಿಗೂ ಹೇಳಬಾರದು ಎಂದು ತೀರ್ಮಾನಿಸಿದರು.

ಸಂಜೆ ಚಪ್ಪರಕ್ಕೆ ಹೋದರು. ಹೋಗದಿದ್ದರೆ ಅನುಮಾನ ಬರುತ್ತದೆ. ಜೈಲಾನಿ ಸಾತೆ ತಂದಿಟ್ಟು ಕೈಕಟ್ಟಿ ನಿಂತ. ಅಂಕಲ್ ಕಚ್ಚಿದರು, ಅಗಿದರು. ಹಳೇ ಚಪ್ಪಲಿಯ ಬಾರು ಅಗಿದ ಹಾಗಾಯಿತು. ಜೈಲಾನಿ ಕಾಯುತ್ತಿದ್ದ. ಮರಿಕ್ಕಾರ್ ಲೋಟದಿಂದ ಲೋಟಕ್ಕೆ ಚಹಾ ಎಳೆಯುವುದನ್ನು ನಿಲ್ಲಿಸಿ ಕಿವಿಯಾದ. ಏನಾದರೂ ಹೇಳಲೇಬೇಕಿತ್ತು.

"ಪರವಾಗಿಲ್ಲ" ಎಂದರು.

ಈ ಒಂದು ಪದದ ಮಹಿಮೆಯನ್ನು ಸ್ವಲ್ಪ ವಿಚಾರ ಮಾಡಬೇಕು. ನಮ್ಮ ದ್ವೀಪದಲ್ಲಿ ತಿಂಡಿಗೆ ಯಾರೂ 'ಅದ್ಭುತ' ಎನ್ನುವುದಿಲ್ಲ. ಹಾಗೆಂದರೆ ಬೆಲೆ ಏರಿಸಿಬಿಡುತ್ತಾರೆ ಎಂಬ ಭಯ. ಹುಬ್ಬು ಮೇಲೆತ್ತಿ, ಕೊನೆಯಲ್ಲಿ ಒಂದಿಷ್ಟು ಎಳೆದು 'ಪರವಾಗಿಲ್ಲಾ' ಎಂದರೆ ಅದಕ್ಕಿಂತ ದೊಡ್ಡ ಬಿರುದಿಲ್ಲ. ಅದನ್ನೇ ಹುಬ್ಬು ಇಳಿಸಿ, ತುಟಿ ಒತ್ತಿ ಹೇಳಿದರೆ, ಗಾಡಿ ಮಾರಿ ಬೇರೆ ಕಸುಬು ಹುಡುಕಿಕೋ ಎಂದರ್ಥ. ಅಂಕಲ್ ಅವತ್ತು ಹೇಳಿದ್ದು ಮೇಲೂ ಅಲ್ಲ, ಕೆಳಗೂ ಅಲ್ಲ. ಬಸ್ ನಿಲ್ದಾಣದ ಹೆಸರು ಹೇಳಿದ ಹಾಗೆ ಹೇಳಿದರು.

ಅಂಕಲ್ ಎದ್ದುಹೋದ ಮೇಲೆ ಜೈಲಾನಿ ಮರಿಕ್ಕಾರನ ಹತ್ತಿರ ಓಡಿದ. "ನೋಡಿದ್ಯಾ ಅಣ್ಣಾ? ಹುಬ್ಬು ಎಲ್ಲಿತ್ತು?"

"ಹುಬ್ಬು ಹುಬ್ಬಿನ ಜಾಗದಲ್ಲೇ ಇತ್ತು ಕಣೋ."

"ಏರ್ಲಿಲ್ವಾ?"

"ಏರ್ಲಿಲ್ಲ. ಇಳೀಲೂ ಇಲ್ಲ."

"ಹಂಗಂದ್ರೆ ಏನಣ್ಣಾ ಅರ್ಥ?"

ಮರಿಕ್ಕಾರ್ ಚಹಾದ ಲೋಟವನ್ನು ಎತ್ತರಕ್ಕೆ ಹಿಡಿದು ಯೋಚಿಸಿದ. "ನೋಡು, ಬೈಯೋವಷ್ಟು ಕೆಟ್ಟಿದ್ರೆ ಬೈತಿದ್ರು. ಹೊಗಳೋವಷ್ಟಿದ್ರೆ ಹೊಗಳ್ತಿದ್ರು. ಏನೂ ಅನ್ನದೇ ಇರ್ಬೇಕಾದ್ರೆ... ನಿನಗೇ ಗೊತ್ತಿರೋ ಏನೋ ತಪ್ಪಿದೆ. ನೀನೇ ಕಂಡ್ಕೋ ಅಂತ ಬಿಟ್ಟಿದಾರೆ."

ಜೈಲಾನಿ ತನ್ನ ಗೊಜ್ಜಿನ ಪಾತ್ರೆಯ ಕಡೆ ತಿರುಗಿ ನೋಡಿದ. ಸಾತೆಗೆ ನೆಂಚಿಕೊಳ್ಳುವ ಕಡಲೆಕಾಯಿ ಗೊಜ್ಜಿಗೆ ಈಚೆಗೆ ಅಗ್ಗದ ಕಾಯಿ ಹಾಕುತ್ತಿದ್ದದ್ದು ಅವನಿಗೂ ದೇವರಿಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಮಾರನೆಯ ದಿನವೇ ಒಳ್ಳೆಯ ಕಾಯಿ ತಂದ. ಅಂಕಲ್ ಮತ್ತೆ "ಪರವಾಗಿಲ್ಲ" ಎಂದರು. ಹುರಿದ ಶಾವಿಗೆಯವನಿಗೂ ಅದೇ, ಐಸಿನ ಪುಡಿಗೆ ಬೆಲ್ಲದ ಪಾಕ ಸುರಿಯುವ ಚೆಂಡೋಲ್‌ನವಳಿಗೂ ಅದೇ. ಒಬ್ಬ ಬಾಣಲೆ ಬದಲಿಸಿದ, ಒಬ್ಬಳು ಬೆಲ್ಲ ಬದಲಿಸಿದಳು. ಚಪ್ಪರದ ತಿಂಡಿ ದಿನೇದಿನೇ ರುಚಿಯಾಗತೊಡಗಿತು. ಅದನ್ನು ಸವಿಯಲಾಗದವರು ಅಲ್ಲಿ ಒಬ್ಬರೇ ಇದ್ದರು. "ಮೊದಲು ಅಂಕಲ್ ಮಾತಾಡೋರು. ಈಗ ಮಾತನ್ನೂ ದಾಟಿಬಿಟ್ಟಿದಾರೆ" ಎಂದು ಜನ ಕೈಮುಗಿಯುವುದೊಂದು ಬಾಕಿ.

ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಗಾದೆಯನ್ನು ಅಂಕಲ್ ಇಷ್ಟು ಶ್ರದ್ಧೆಯಿಂದ ಪಾಲಿಸುತ್ತಿರುವಾಗ ಪುರಸಭೆಯ ಅಧಿಕಾರಿ ಪುವಾನ್ ನೊರ್ಲೈಲಾ ಬಂದರು. ಕಂಕುಳಲ್ಲಿ ಫೈಲು, ಮುಖದಲ್ಲಿ ತಾಳ್ಮೆ ಮುಗಿದ ಕಳೆ. ಅಣ್ಣ ತಂಗಿ ಇಬ್ಬರನ್ನೂ ಕರೆಸಿ, ಮರಿಕ್ಕಾರನ ಮೇಜಿನ ಆಚೆ ಈಚೆ ಕೂರಿಸಿದರು.

"ಒಂದು ಹೆಸರಿಗೆ ಒಂದೇ ಲೈಸೆನ್ಸು. ಮೂಲೆ ಜಾಗ ಖಾಲಿ ಬಿದ್ದು ವರ್ಷ ಆಗ್ತಾ ಬಂತು. ಈ ಭಾನುವಾರದೊಳಗೆ ತಂದೆ ಹೆಸರು ಯಾರಿಗೆ ಅಂತ ನೀವೇ ತೀರ್ಮಾನ ಮಾಡ್ಕೊಳ್ಳಿ. ಇಲ್ದಿದ್ರೆ ಎರಡೂ ಬೋರ್ಡು ಇಳಿಸ್ತೀವಿ. ಮೂಲೆ ಜಾಗಾನ ಲಾಟರಿ ಎತ್ತಿ ಯಾರಿಗಾದ್ರೂ ಕೊಡ್ತೀವಿ."

"ಅವನಿಗೆ ಹೇಳಿ ಮೇಡಂ, ಬೋರ್ಡು ಇಳಿಸೋಕೆ" ಎಂದಳು ಸೂನ್ ಇಮ್.

"ಅವಳಿಗೆ ಹೇಳಿ ಮೇಡಂ, ಅಪ್ಪ ಬದುಕಿದ್ದಾಗ ಅವಳ ಮದುವೆ ಮಾಡಿ ಕಳ್ಸಿದ್ದು ಯಾಕೆ ಅಂತ" ಎಂದ ಚೆಂಗ್ ಲಾಯ್.

"ನಾಲ್ಕು ಮನೆ ಆಚೆಗೆ ಕಳ್ಸಿದ್ದು! ದಿನಾ ಮಸಾಲೆ ರುಬ್ಬೋಕೆ ಬರ್ಲಿ ಅಂತ!"

ಪುವಾನ್ ನೊರ್ಲೈಲಾ ಕಣ್ಣು ಮುಚ್ಚಿದರು. ಆಗ ಮರಿಕ್ಕಾರ್ ಬಾಯಿ ಹಾಕಿದ. "ನಾನು ಹಲಾಲ್ ತಿನ್ನೋನು, ಇವರಿಬ್ಬರದ್ದೂ ಮುಟ್ಟೋನಲ್ಲ. ಅದಕ್ಕೇ ಪಕ್ಷಪಾತ ಇಲ್ದೆ ಹೇಳ್ತೀನಿ. ಟಿಯೋ ಮುದುಕ್ರ ಕೈರುಚಿ ನೆನಪಿಟ್ಟಿರೋ ನಾಲಿಗೆ ಈ ಊರಲ್ಲಿ ಒಂದೇ ಇರೋದು. ಎರಡು ಬಟ್ಟಲು ಇಡಿ. ಯಾರ ಗುರುತೂ ಬೇಡ. ಯಾವುದು ಅಪ್ಪಂದು ಅಂತ ಸುವೀ ಅಂಕಲ್ ಹೇಳ್ಲಿ."

ಅಣ್ಣ ತಂಗಿ ಒಂದು ವರ್ಷದಲ್ಲಿ ಮೊದಲ ಬಾರಿ ಒಂದೇ ವಿಷಯಕ್ಕೆ ತಲೆಯಾಡಿಸಿದರು.

ಅಲ್ಲೇ ಪಕ್ಕದಲ್ಲಿ ಕೂತಿದ್ದ ಅಂಕಲ್‌ಗೆ ಚಹಾ ನೆತ್ತಿಗೇರಿತು. ಕೆಮ್ಮುತ್ತಲೇ, "ಭಾನುವಾರ... ನಾನು ಇಪೋ ಊರಿಗೆ... ನಮ್ಮ ಚಿಕ್ಕಪ್ಪ..." ಎಂದರು.

ಬುಟ್ಟಿ ಹಿಡಿದು ಹಿಂದೆ ನಿಂತಿದ್ದ ಗೇಕ್ ನಿಯೋ, "ಯಾವ ಚಿಕ್ಕಪ್ಪ? ಅವ್ರು ಸತ್ತಾಗ ನಾವೇ ಹೋಗಿ ಬಂದ್ವಲ್ಲ" ಎಂದರು. ಆಮೇಲೆ ಸಭೆಗೆ, "ಬರ್ತಾರೆ ಬಿಡಿ. ಮನೇಲಂತೂ ಏನಿಟ್ರೂ ಕಮಕ್ ಕಿಮಕ್ ಅನ್ನಲ್ಲ. ಇಲ್ಲಾದ್ರೂ ನಾಲ್ಕು ಜನಕ್ಕೆ ಉಪಯೋಗ ಆಗ್ಲಿ" ಎಂದು ಅಪ್ಪಣೆ ಕೊಡಿಸಿದರು.

ಅಂಕಲ್ ಭಾನುವಾರದವರೆಗೆ ನಿದ್ದೆ ಮಾಡಲಿಲ್ಲ. ಒಂದೇ ಒಂದು ದಾರಿ ಹೊಳೆದಿತ್ತು. ಎರಡೂ ಬಟ್ಟಲು ತಿಂದು, ಎರಡಕ್ಕೂ ಒಂದೇ ರಾಗದಲ್ಲಿ 'ಪರವಾಗಿಲ್ಲ' ಎನ್ನುವುದು. ಅರ್ಥ ಹೇಳಲು ಮರಿಕ್ಕಾರ್ ಇದ್ದೇ ಇದ್ದಾನೆ. ಕನ್ನಡಿಯ ಮುಂದೆ ನಿಂತು ಹುಬ್ಬು ಅಲುಗದಂತೆ ಅಭ್ಯಾಸ ಮಾಡಿದರು.

ಭಾನುವಾರ ಬೆಳಿಗ್ಗೆ ಚಪ್ಪರದಲ್ಲಿ ಸೂಜಿ ಹಾಕಲು ಜಾಗವಿರಲಿಲ್ಲ. ಬೇರೆ ಬೀದಿಯ ಗಾಡಿಯವರೂ ಬಂದಿದ್ದರು. ಯಾರೋ ಮೊಬೈಲು ಎತ್ತಿ ಹಿಡಿದಿದ್ದರು. ಮಧ್ಯದಲ್ಲಿ ಒಂದು ಮೇಜು, ಅದರ ಮೇಲೆ ಒಂದೇ ಥರದ ಎರಡು ಬಟ್ಟಲು. ಅಣ್ಣ ಒಂದು ಕಡೆ, ತಂಗಿ ಒಂದು ಕಡೆ. ಇಬ್ಬರ ಕಣ್ಣೂ ಕೆಂಪಗಿತ್ತು. ಬೆಳಗಿನ ಜಾವದಿಂದ ಒಲೆಯ ಮುಂದೆ ನಿಂತವರ ಕಣ್ಣು ಅದು.

ಪುವಾನ್ ನೊರ್ಲೈಲಾ ಎದ್ದು ನಿಂತು ನಿಯಮ ಓದಿದರು. "ತೀರ್ಪು ಸ್ಪಷ್ಟವಾಗಿರ್ಬೇಕು. ಅಂಕಲ್ ಈಚೆಗೆ ಒಂದು ಪದ ಬಳಸ್ತಾ ಇದಾರೆ ಅಂತ ಈ ಇಬ್ರೂ ತಕರಾರು ಕೊಟ್ಟಿದಾರೆ. ಹಾಗಾಗಿ ಇವತ್ತು 'ಪರವಾಗಿಲ್ಲ' ಅನ್ನೋ ಹಾಗಿಲ್ಲ."

ಅಂಕಲ್‌ಗೆ ಇದ್ದ ಒಂದು ಪದವನ್ನೂ ಪುರಸಭೆ ಜಪ್ತಿ ಮಾಡಿಕೊಂಡಿತ್ತು.

ಮೊದಲ ಬಟ್ಟಲಿಗೆ ಚಮಚ ಇಳಿಸಿದರು. ಬಾಯಿಗಿಟ್ಟರು. ಬೆಚ್ಚಗಿನ ಏನೋ ಒಂದು ಗಂಟಲಲ್ಲಿ ಇಳಿಯಿತು. ಎರಡನೆಯದು. ಬೆಚ್ಚಗಿನ ಇನ್ನೊಂದು ಏನೋ ಇಳಿಯಿತು. ಆಮೇಲೆ ಮೆಣಸಿನಕಾಯಿ ತನ್ನ ಕೆಲಸ ಶುರುಮಾಡಿತು. ರುಚಿ ಸತ್ತರೂ ಖಾರ ಸಾಯುವುದಿಲ್ಲ, ನೋಡಿ. ಅಪ್ಪನ ಖಾರಕ್ಕಿಂತ ಕಡಿಮೆಯಾಗದಿರಲಿ ಎಂದು ಇಬ್ಬರೂ ಒಂದು ಹಿಡಿ ಹೆಚ್ಚಿಗೆ ಹಾಕಿದ್ದರು. ಅಂಕಲ್ ಕಣ್ಣಲ್ಲಿ ನೀರು ಬುಳಬುಳ ಇಳಿಯಿತು.

"ಅಯ್ಯೋ, ಅಳ್ತಾ ಇದಾರೆ! ಮುದುಕ್ರ ನೆನಪಾಯ್ತು!" ಎಂದು ಚೆಂಡೋಲ್‌ನವಳು ಸೆರಗು ಹುಡುಕಿ, ಸಿಗದೆ, ಜೈಲಾನಿಯ ತೋಳಿಗೆ ಕಣ್ಣೊರೆಸಿಕೊಂಡಳು.

"ಯಾವ ಬಟ್ಟಲಿಗೆ ಅತ್ತದ್ದು? ಯಾವ ಬಟ್ಟಲಿಗೆ?" ಎಂದು ಹಿಂದಿನವರು ಮುಂದಿನವರನ್ನು ತಳ್ಳಿದರು.

ಸೂನ್ ಇಮ್ ಒಂದು ಹೆಜ್ಜೆ ಮುಂದೆ ಬಂದಳು. ಜಗಳದ ದನಿ ಇರಲಿಲ್ಲ. "ಹೇಳಿ ಅಂಕಲ್. ನಂದಲ್ಲ ಅಂದ್ರೂ ಬೇಜಾರಿಲ್ಲ. ಅಪ್ಪಂದು ಯಾವುದು ಅಂತ ಗೊತ್ತಾದ್ರೆ ಸಾಕು ನನಗೆ" ಎಂದಳು.

ಅಂಕಲ್ ಆ ಮುಖ ನೋಡಿದರು. ಚೆಂಗ್ ಲಾಯ್ ಮುಖವನ್ನೂ ನೋಡಿದರು. ಅಪ್ಪನ ಬೋಳುತಲೆಯೇ ಅದು, ಬೆವರಿ ಹೊಳೆಯುತ್ತಿತ್ತು. ಬಾಯಿಗೆ ಬಂದದ್ದೊಂದು ಹೇಳಿ ಇವರಲ್ಲಿ ಒಬ್ಬರ ಕೈಯಿಂದ ಅಪ್ಪನ ಹೆಸರು ಕಿತ್ತುಕೊಳ್ಳಲು ಅವರಿಗೆ ಮನಸ್ಸು ಬರಲಿಲ್ಲ. ಹೋಗಲಿ, ಮಾನ ಹೋದರೂ ಹೋಗಲಿ, ಇದ್ದದ್ದು ಇದ್ದ ಹಾಗೆ ಹೇಳಿಬಿಡೋಣ ಎಂದು ಎದ್ದು ನಿಂತರು. ಜೀವಮಾನದಲ್ಲಿ ಅವರು ಕೈಗೊಂಡ ಏಕೈಕ ಧೀರ ನಿರ್ಧಾರ ಅದು.

"ರುಚಿನೇ ಗೊತ್ತಾಗ್ತಾ ಇಲ್ಲ!" ಎಂದು ಗಟ್ಟಿಯಾಗಿ ಘೋಷಿಸಿದರು.

ಹಿಂದಿನವರು ತಳ್ಳುವುದನ್ನು ಬಿಟ್ಟು ಕತ್ತು ಚಾಚಿದರು.

"ಯಾವುದರದ್ದು?" ಎಂದ ಚೆಂಗ್ ಲಾಯ್, ಮೆಲ್ಲಗೆ.

"ಎರಡರದ್ದೂ! ಎರಡರದ್ದೂ ಒಂಚೂರೂ ಗೊತ್ತಾಗ್ತಾ ಇಲ್ಲ!"

"ಏನಂದ್ರಿ?"

ಜನಕ್ಕೆ ಸರಿಯಾಗಿ ಅರ್ಥವಾಗಿಲ್ಲ ಎಂದು ಅಂಕಲ್‌ಗೆ ಹೊಳೆಯಿತು. ಬಿಡಿಸಿ ಹೇಳಿದರೆ ಸರಿಹೋಗುತ್ತದೆ ಎಂದುಕೊಂಡರು. "ಇವತ್ತಿನ ಮಾತಲ್ಲಪ್ಪಾ ಇದು! ಎಷ್ಟೋ ದಿನದಿಂದ ಹಿಂಗೇ! ಇಲ್ಲಿ ಒಂದು ಗಾಡಿ ಬಿಡದೆ ತಿಂದು ನೋಡ್ದೆ. ಸಾತೆ ತಿಂದೆ, ಚೆಂಡೋಲ್ ತಿಂದೆ, ಯಾವುದರಲ್ಲೂ ರುಚಿ ಅನ್ನೋದೇ ಇಲ್ಲ!"

"ಏನು, ನನ್ನ ಸಾತೆನಾ?" ಜೈಲಾನಿಯ ಕೈಯಲ್ಲಿ ಬೀಸಣಿಗೆ ಮುರಿಯಿತು. "ಒಳ್ಳೇ ಕಡಲೆಕಾಯಿ ಹಾಕಿ ಮನೆ ಹಾಳ್ ಮಾಡ್ಕೊಂಡಿದೀನಿ ಅಂಕಲ್ ನಿಮ್ಮ ಮಾತು ನಂಬಿ!"

"ನನ್ನ ಬೆಲ್ಲ!" ಎಂದಳು ಚೆಂಡೋಲ್‌ನವಳು.

"ಸಾತೆ ಅಗಿದ್ರೆ ಚಪ್ಪಲಿ ಬಾರು ಅಗಿದ ಹಂಗಾಗುತ್ತೆ ಕಣೋ, ದೇವ್ರಾಣೆಗೂ!" ಎಂದು ಅಂಕಲ್ ಸಾಕ್ಷಿ ಸಮೇತ ವಿವರಿಸಿದರು.

ಗೇಕ್ ನಿಯೋ ಗುಂಪು ಸೀಳಿಕೊಂಡು ಬಂದರು. "ಸಾಕು ಬಾಯ್ಮುಚ್ಚು ಮುದುಕಪ್ಪಾ. ಮನೇಲಿ ನಾನು ಮಾಡಿ ಹಾಕೋದು?"

ಗಂಡಸಿಗೆ ದೇವರು ಇಂಥ ಕ್ಷಣದಲ್ಲಿ ಮೂರ್ಛೆಯನ್ನಾದರೂ ಕೊಡಬಹುದಿತ್ತು. ಕೊಡಲಿಲ್ಲ. "ಮನೇದೂ ಅಷ್ಟೇ!" ಎಂದರು ಅಂಕಲ್.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮುಂದಿನದು ಗಲಾಟೆ. ಆದರೆ ಎಲ್ಲರ ದನಿಗಿಂತ ಮೇಲೆ ಒಂದು ದನಿ ಎದ್ದಿತು. ಚೆಂಗ್ ಲಾಯ್ ಸಾರಿನ ಸೌಟು ಹಿಡಿದು ಮೇಜು ಸುತ್ತಿ ಬರುತ್ತಿದ್ದ.

"ರುಚಿ ಇಲ್ವಾ? ನನ್ನ ತಂಗಿ ರುಬ್ಬಿದ ಮಸಾಲೆಗೆ ರುಚಿ ಇಲ್ವಾ? ಅಪ್ಪ ಸಾಯೋ ತನಕ ಅವಳ ಕೈ ಬಿಟ್ಟು ಬೇರೆಯವ್ರ ಕೈಯಿಂದ ಒಂದು ಮೆಣಸಿನಕಾಯಿ ರುಬ್ಬಿಸಲಿಲ್ಲ, ಗೊತ್ತೇನ್ರೀ ನಿಮಗೆ?"

ಸೂನ್ ಇಮ್ ಇನ್ನೊಂದು ಕಡೆಯಿಂದ ಬಂದಳು. ಅವಳ ಕೈಯಲ್ಲೂ ಸೌಟು. "ನಮ್ಮಣ್ಣನ ಸಾರು ಸಪ್ಪೆನಾ? ಬಂಗುಡೆ ಮುಳ್ಳು ಒಂದೊಂದೇ ಕೈಯಲ್ಲಿ ಆರಿಸ್ತಾನೆ ಅವನು! ಬೆರಳು ನೋಡ್ರೀ ಅವನ ಬೆರಳು! ತೋರ್ಸೋ ಅಣ್ಣಾ!"

ಚೆಂಗ್ ಲಾಯ್ ಬೆರಳು ತೋರಿಸಿದ. ಮುಳ್ಳು ಚುಚ್ಚಿ ಚುಚ್ಚಿ ಜರಡಿಯಾಗಿದ್ದ ಬೆರಳು.

"ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ!" ಎಂದರು ಇಬ್ಬರೂ ಒಂದೇ ಉಸಿರಿಗೆ. ಎರಡು ಸೌಟುಗಳ ನಡುವೆ ಅಂಕಲ್ ಕುರ್ಚಿ ಹಾರಿ, ಮೇಜಿನ ಕೆಳಗೆ ನುಸುಳಿ, ಒಂದು ಚಪ್ಪಲಿ ಬಿಟ್ಟು ಓಡಿದರು. ಅವರು ಅಷ್ಟು ವೇಗವಾಗಿ ಓಡಬಲ್ಲರು ಎಂಬುದು ಅವರ ಕಾಲುಗಳ ಬಗ್ಗೆ ಊರು ಆಡಿದ ಮೊದಲ ಒಳ್ಳೆಯ ಮಾತಾಯಿತು.

ಅಟ್ಟಿಸಿ ಸುಸ್ತಾಗಿ ವಾಪಸು ಬಂದ ಅಣ್ಣ ತಂಗಿಗೆ ಪುವಾನ್ ನೊರ್ಲೈಲಾ ಫೈಲು ಬಿಚ್ಚಿ ಕೇಳಿದರು. "ಸರಿ, ಈಗ ಹೆಸರು ಯಾರಿಗೆ?"

"ಬರ್ಕೊಳ್ಳಿ ಮೇಡಂ, ಒಂದೇ ಗಾಡಿ" ಎಂದ ಚೆಂಗ್ ಲಾಯ್, ಏದುಸಿರು ಬಿಡುತ್ತ. "ಆ ಮನುಷ್ಯನಿಗೆ ತೋರಿಸ್ತೀವಿ."

"ಮೂಲೆ ಬೀಗದ ಕೈ ಎಲ್ಲಿಟ್ಟಿದೀಯೋ?" ಎಂದಳು ಸೂನ್ ಇಮ್. ಅವಳು ಅಳುತ್ತಿದ್ದಳು, ಅದಕ್ಕೆ ಮೆಣಸಿನಕಾಯಿ ಕಾರಣವಲ್ಲ.

ಇತ್ತ ಸುವೀ ಅಂಕಲ್ ಖ್ಯಾತಿಯ ಶ್ರಾದ್ಧ ವಿಧಿವತ್ತಾಗಿ ನಡೆಯಿತು. 'ನಾಲಿಗೆ ಅಂಕಲ್' ಹೋಗಿ 'ಸಪ್ಪೆ ಅಂಕಲ್' ಆದರು. ಮನೆಯಲ್ಲಿ ಗೇಕ್ ನಿಯೋ ಉಪ್ಪಿಲ್ಲದ ಗಂಜಿ ಬಡಿಸಿ, "ಹೆಂಗೂ ರುಚಿ ಗೊತ್ತಾಗಲ್ವಲ್ಲ, ಉಪ್ಪು ಯಾಕೆ ದಂಡ" ಎಂದರು. ಅಂಕಲ್ ಕೊನೆಗೆ ಶೀತ, ಡುರಿಯನ್ ಲಾರಿ, ಚುಚ್ಚಿದ ಮೂಗು, ಎಲ್ಲವನ್ನೂ ಹೇಳಿಕೊಂಡರು.

"ಇದನ್ನ ಮೊದಲೇ ಹೇಳೋಕೇನಾಗಿತ್ತು?"

"ಹೇಳಿದ್ನಲ್ಲ, ಅಷ್ಟು ಜನರ ಮುಂದೆ!"

"ಹಂಗೆ ಹೇಳ್ತಾರಾ ಯಾರಾದ್ರೂ?" ಎಂದು ಗೇಕ್ ನಿಯೋ ಹಣೆ ಚಚ್ಚಿಕೊಂಡರು. ಆದರೆ ಗಂಜಿಗೆ ಉಪ್ಪು ಹಾಕಿದರು.

ಒಂದು ಮಧ್ಯಾಹ್ನ ಅಂಕಲ್ ಯಾರ ಕಣ್ಣಿಗೂ ಬೀಳದಂತೆ ಚಪ್ಪರದ ಹಿಂಭಾಗದಿಂದ ನಡೆದು ಹೋಗುತ್ತಿದ್ದರು. ಇದ್ದಕ್ಕಿದ್ದಂತೆ ನಿಂತರು. ಮೂಗು ಅರಳಿತು. ಮೀನು ತೊಳೆದ ನೀರು ಕಟ್ಟಿಕೊಂಡು ಕೊಳೆತು ಗಬ್ಬೆದ್ದ ಚರಂಡಿ. ಆಹಾ! ಏನು ನಾತ! ಅಂಕಲ್ ಚರಂಡಿಯ ಅಂಚಿಗೆ ಕುಕ್ಕರಗಾಲಲ್ಲಿ ಕೂತು, ಕಣ್ಣು ಮುಚ್ಚಿ, ಎದೆ ತುಂಬ ಉಸಿರೆಳೆದುಕೊಂಡರು. ಮತ್ತೆ ಮತ್ತೆ ಎಳೆದುಕೊಂಡರು. ದಾರಿಹೋಕರು ಮೂಗು ಮುಚ್ಚಿಕೊಂಡು ಸುತ್ತಿ ಹೋದರು.

ಅದೇ ದಾರಿಯಲ್ಲಿ ಬಂದ ಪುವಾನ್ ನೊರ್ಲೈಲಾ ಈ ದೃಶ್ಯ ಕಂಡು ಬೆಚ್ಚಿದರು. "ಅಂಕಲ್, ಚರಂಡಿ ವಿಷಯ ಪುರಸಭೆಗೆ ಗೊತ್ತು, ನೀವು ಹಿಂಗೆ ಧರಣಿ ಕೂತು ಮೊಬೈಲಲ್ಲಿ ಹಾಕಿಸ್ಬೇಡಿ. ನಾಳೆನೇ ತೆಗೆಸ್ತೀನಿ" ಎಂದರು.

"ಇನ್ನೊಂದು ದಿನ ಇರ್ಲಿ ಬಿಡಿ ಮೇಡಂ, ತುಂಬಾ ಚೆನ್ನಾಗಿದೆ" ಎಂದರು ಅಂಕಲ್ ಕಣ್ಣು ತೆರೆಯದೆ. ಅದನ್ನು ಪುವಾನ್ ನೊರ್ಲೈಲಾ ವ್ಯಂಗ್ಯವೆಂದು ತಿಳಿದರು. ಮರುದಿನ ಬೆಳಗಾಗುವಷ್ಟರಲ್ಲಿ ಚರಂಡಿ ತೊಳೆದಿಟ್ಟಿತ್ತು.

ಮೂಗು ಬಂದ ಮೇಲೆ ನಾಲಿಗೆ ದೂರವೇ? ಸಂಜೆಗೆ ಅಂಕಲ್ ಟೋಪಿಯನ್ನು ಕಣ್ಣಿನ ತನಕ ಎಳೆದುಕೊಂಡು ಚಪ್ಪರಕ್ಕೆ ಹೋದರು. ಮೂಲೆಯ ಗಾಡಿಯ ಬೀಗ ತೆಗೆದು ವಾರಗಳಾಗಿದ್ದವು. ಬೋರ್ಡಿನ ಮೇಲೆ 'ಟಿಯೋ ಮುದುಕನ ಲಕ್ಸಾ' ಎಂದಷ್ಟೇ ಇತ್ತು. ಅಸಲಿಯೂ ಇಲ್ಲ, ಅದಕ್ಕಿಂತ ಅಸಲಿಯೂ ಇಲ್ಲ. ಸಾರಿನ ಕೊಳಗದ ಮುಂದೆ ಅಣ್ಣ, ಮಸಾಲೆಯ ಮುಂದೆ ತಂಗಿ. ಇಬ್ಬರೂ ಒಬ್ಬರಿಗೊಬ್ಬರು ಎಡೆಬಿಡದೆ ಬೈದುಕೊಳ್ಳುತ್ತಿದ್ದರು. ಜನ ಸಾಲಾಗಿ ನಿಂತಿದ್ದರು.

ಅಂಕಲ್ ಗೋಡೆಯ ಕಡೆ ಮುಖ ಮಾಡಿ ಒಂದು ಮುರುಕು ಸ್ಟೂಲಿನ ಮೇಲೆ ಕೂತರು. ಕುರ್ಚಿ ಒರೆಸಲು ಯಾರೂ ಬರಲಿಲ್ಲ. ಟೋಪಿಯಿಂದ ಏನೂ ಪ್ರಯೋಜನವಾಗಲಿಲ್ಲ. ಚೆಂಗ್ ಲಾಯ್ ಗುರುತು ಹಿಡಿದು ತಂಗಿಗೆ ಮೊಣಕೈ ತಿವಿದ. ಅವಳು ದುರುಗುಟ್ಟಿ ನೋಡಿದಳು. ಒಂದು ಬಟ್ಟಲು ತುಂಬಿಸಿದಳು. ಆಮೇಲೆ, ಕೇಳದೆಯೇ, ಇನ್ನೊಂದು ಚಮಚ ಕಪ್ಪು ಗೊಜ್ಜು ಹಾಕಿದಳು. ಅಣ್ಣ ಅದನ್ನು ತಂದು ಮೇಜಿನ ಮೇಲೆ ಕುಕ್ಕಿದ.

ಅಂಕಲ್ ಒಂದು ಚಮಚ ಬಾಯಿಗಿಟ್ಟರು. ಹುಣಸೆಯ ಹುಳಿ ಮೊದಲು ಬಂತು, ಬಂಗುಡೆ ಆಮೇಲೆ, ಪುದೀನ, ಅನಾನಸು, ಎಲ್ಲಕ್ಕಿಂತ ಕೊನೆಗೆ ಆ ಗೊಜ್ಜಿನ ಕಪ್ಪು ಸಿಹಿ. ಇನ್ನೊಂದು ಚಮಚ ಬಾಯಿಗಿಟ್ಟರು. ಈಗ ಅವರಿಗೆ ಗೊತ್ತಿತ್ತು. ಯಾರೂ ಮಾರ್ಕೆಟ್ಟಿನಲ್ಲಿ ಕಂಡು ಹೇಳಬೇಕಾಗಿರಲಿಲ್ಲ. ಜೀವನದಲ್ಲಿ ಮೊದಲ ಬಾರಿ ನಿಜವಾದ ತೀರ್ಪೊಂದು ಅವರ ನಾಲಿಗೆಯ ತುದಿಯಲ್ಲಿ ಬಂದು ಕೂತಿತ್ತು. ಎದ್ದು ನಿಂತರು.

"ಕೇಳ್ರಪ್ಪಾ! ಇದು ನಿಮ್ಮಪ್ಪನ..."

ಅಣ್ಣ ತಂಗಿ ತಲೆ ಎತ್ತಲೂ ಇಲ್ಲ.

"ತಿನ್ನಿ. ಮಾತಾಡ್ಬೇಡಿ" ಎಂದರು ಇಬ್ಬರೂ ಒಟ್ಟಿಗೆ.

ಅಂಕಲ್ ಕೂತರು. ತಲೆ ತಗ್ಗಿಸಿ ತಿಂದರು. ಬಟ್ಟಲಿನ ತಳ ಕಾಣುವ ತನಕ ತಿಂದರು. ಚಹಾದ ಗಾಡಿಯಿಂದ ಮರಿಕ್ಕಾರ್ ತಡೆಯಲಾರದೆ ಕೂಗಿದ. "ಅಂಕಲ್, ಹೆಂಗಿದೆ?"

ಸುವೀ ಅಂಕಲ್ ಬಾಯಿ ಬಿಡಲಿಲ್ಲ. ಹುಬ್ಬು ಮಾತ್ರ ಮೇಲೆತ್ತಿದರು.